ಕಣ್ಣಿನ ಪ್ರೆಶರ್ ನೋಡಿಸಿದರೆ ಸಾಕೇ? ಗ್ಲಾಕೋಮಾಗೆ ಎಲ್ಲಿ ತೋರಿಸಬೇಕು, ಯಾವ ಪರೀಕ್ಷೆ, ಯಾವ ಚಿಕಿತ್ಸೆ

ನಲವತ್ತು ದಾಟಿ ಚಾಳೀಸು ಬಂತೆಂದರೆ ನಾವು ಹೋಗುವುದು ಕನ್ನಡಕದ ಅಂಗಡಿಗೆ. ಅಲ್ಲಿನ ಹುಡುಗ ಯಂತ್ರದ ಮೇಲೆ ಗಲ್ಲ ಇಡಿಸುತ್ತಾನೆ, ಗೋಡೆಯ ಮೇಲಿನ ಅಕ್ಷರ ಓದಿಸುತ್ತಾನೆ, ಪ್ಲಸ್ ಒಂದು ಎಂದು ನಂಬರ್ ಬರೆಯುತ್ತಾನೆ. ಹೊಸ ಕನ್ನಡಕದಲ್ಲಿ ಪತ್ರಿಕೆಯ ಸಣ್ಣಕ್ಷರವೂ ಸ್ಪಷ್ಟ. ಕಣ್ಣು ಟೆಸ್ಟ್ ಆಯಿತು ಎಂದುಕೊಂಡು ಮನೆಗೆ ಬರುತ್ತೇವೆ. ಆಗಿದ್ದು ಕನ್ನಡಕದ ಟೆಸ್ಟ್. ಕಣ್ಣಿನ ಹಿಂದಿನ ನರವನ್ನು ಅಲ್ಲಿ ಯಾರೂ ನೋಡಿಲ್ಲ, ಗ್ಲಾಕೋಮಾ ಹಾಳು ಮಾಡುವುದು ಆ ನರವನ್ನೇ.

ಅಕ್ಷರ ಓದುವುದಕ್ಕೆ ನಮಗೆ ಬೇಕಾಗುವುದು ದೃಷ್ಟಿಯ ನಡುಭಾಗ ಮಾತ್ರ. ಗ್ಲಾಕೋಮಾ ಸಾಮಾನ್ಯವಾಗಿ ನಡುವನ್ನು ಕೊನೆಗೆ ಬಿಟ್ಟು ಅಕ್ಕಪಕ್ಕದಿಂದ ತಿನ್ನುತ್ತಾ ಬರುತ್ತದೆ. ಹಾಗಾಗಿ ಅರ್ಧಕ್ಕರ್ಧ ನರ ಹೋದವರೂ ಕೊನೆಯ ಸಾಲಿನವರೆಗೆ ಸಲೀಸಾಗಿ ಓದಿಬಿಡಬಹುದು. ನೋವಿಲ್ಲ, ನೀರು ಸುರಿಯುವುದಿಲ್ಲ. ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ಕಣ್ಣು ತುಂಬಿಕೊಡುತ್ತದೆ, ಉಳಿದದ್ದನ್ನು ಮಿದುಳು ಊಹಿಸಿಕೊಳ್ಳುತ್ತದೆ. ದಕ್ಷಿಣ ಭಾರತದ ಹಳ್ಳಿ, ಪಟ್ಟಣಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ಈ ಕಾಯಿಲೆ ಪತ್ತೆಯಾದವರ ಪೈಕಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಅದು ತಮಗಿದೆ ಎಂಬ ಸುಳಿವೇ ಇರಲಿಲ್ಲ. ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳುವುದಷ್ಟೇ ಚಿಕಿತ್ಸೆ. ಆದ್ದರಿಂದ ಎಲ್ಲಿ ತೋರಿಸಿದಿರಿ, ಏನನ್ನು ನೋಡಿದರು ಎಂಬುದು ಬೇರೆ ಕಾಯಿಲೆಗಳಿಗಿಂತ ಇಲ್ಲಿ ಹೆಚ್ಚು ಮುಖ್ಯವಾಗುತ್ತದೆ.

ಅಂಗಡಿ, ಶಿಬಿರ, ದೃಷ್ಟಿ ಕೇಂದ್ರ, ಆಸ್ಪತ್ರೆ

ಕನ್ನಡಕದ ಅಂಗಡಿ ಕನ್ನಡಕಕ್ಕೆ ಸರಿ. ಓದಿ ಬಂದ ಆಪ್ಟೋಮೆಟ್ರಿಸ್ಟ್ ಇರುವ ಕಡೆ ಅನುಮಾನ ಬಂದರೆ ಡಾಕ್ಟರ ಹತ್ತಿರ ಹೋಗಿ ಎಂದು ಹೇಳಿಯಾರು. ಕೆಲವು ದೊಡ್ಡ ಅಂಗಡಿಗಳಲ್ಲಿ ಗಾಳಿ ಊದುವ ಪ್ರೆಶರ್ ಯಂತ್ರವೂ ಇದೆ. ಇದ್ದರೆ ಒಳ್ಳೆಯದೇ, ಆದರೆ ಅದರ ಮೇಲೆ ಭಾರ ಹಾಕಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಉಚಿತ ಶಿಬಿರದ ಮೇಲೆ ನಮ್ಮ ಜನರಿಗೆ ಇರುವ ನಂಬಿಕೆಗೆ ದೊಡ್ಡ ಇತಿಹಾಸವಿದೆ. ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ ಸಾಮೂಹಿಕ ಶಸ್ತ್ರಚಿಕಿತ್ಸೆ ಮಾಡಿ ಲಕ್ಷಾಂತರ ಜನರಿಗೆ ದೃಷ್ಟಿ ಮರಳಿಸಿದ್ದನ್ನು ಕಂಡ ತಲೆಮಾರು ಇನ್ನೂ ಇದೆ. ಆದರೆ ಆ ಶಿಬಿರಗಳು ಹುಡುಕುತ್ತಿದ್ದದ್ದು ಕಣ್ಣಿನ ಪೊರೆಯನ್ನು. ಬಲಿತ ಪೊರೆ ಟಾರ್ಚಿನ ಬೆಳಕಿಗೂ ಸಿಗುತ್ತದೆ, ತೆಗೆದರೆ ಮರುದಿನವೇ ಕಾಣುತ್ತದೆ. ಕಣ್ಣಿನ ನರ ಟಾರ್ಚಿಗೆ ಸಿಗುವಂಥದ್ದಲ್ಲ. ಶಾಲೆಯ ವರಾಂಡದಲ್ಲಿ ಸಾಲು ನಿಲ್ಲಿಸಿ 'ಪೊರೆ ಇಲ್ಲ, ಹೋಗಿ' ಎಂದು ಕಳಿಸಿದರೆ ಅದರ ಅರ್ಥ ಪೊರೆ ಇಲ್ಲ ಎಂದು ಮಾತ್ರ. ಮನೆಬಾಗಿಲಿಗೆ ಬರುವ ಸರ್ಕಾರದ ದೃಷ್ಟಿ ತಪಾಸಣೆಗೂ ಇದೇ ಮಾತು: ಕನ್ನಡಕ ಬೇಕಾದವರನ್ನೂ ಪೊರೆ ಬಂದವರನ್ನೂ ಹುಡುಕಲು ಅದು ಚೆನ್ನಾಗಿದೆ, ಅದಕ್ಕಿಂತ ಹೆಚ್ಚು ನಿರೀಕ್ಷಿಸಬಾರದು. ಮಾರ್ಚ್ ತಿಂಗಳ ವಿಶ್ವ ಗ್ಲಾಕೋಮಾ ಸಪ್ತಾಹದಲ್ಲಿ ಆಸ್ಪತ್ರೆಗಳು ತಮ್ಮಲ್ಲೇ ನಡೆಸುವ ಉಚಿತ ತಪಾಸಣೆ ಮಾತ್ರ ಬೇರೆ ಜಾತಿಯದು. ಅಲ್ಲಿ ಉಪಕರಣವೂ ಇರುತ್ತದೆ, ತಜ್ಞರೂ ಇರುತ್ತಾರಾದ್ದರಿಂದ ಸಿಕ್ಕರೆ ಬಿಡಬೇಡಿ.

ದೊಡ್ಡ ಕಣ್ಣಾಸ್ಪತ್ರೆಗಳು ಸಣ್ಣ ಊರುಗಳಲ್ಲಿ ತೆರೆದಿರುವ ದೃಷ್ಟಿ ಕೇಂದ್ರಗಳಿಗೆ ಸಿಗಬೇಕಾದಷ್ಟು ಮರ್ಯಾದೆ ಸಿಕ್ಕಿಲ್ಲ ಎಂದು ನನಗನಿಸುತ್ತದೆ. ಡಾಕ್ಟರು ಕೂತಿರುವುದಿಲ್ಲ, ತರಬೇತಿ ಪಡೆದ ಹುಡುಗಿಯೊಬ್ಬಳು ಇರುತ್ತಾಳೆ. ಆದರೆ ಅವಳ ಮುಂದೆ ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಇರುತ್ತದೆ, ಎಷ್ಟೋ ಕಡೆ ನರದ ಫೋಟೊ ತೆಗೆದು ಊರಾಚೆಯ ಡಾಕ್ಟರಿಗೆ ಕಳಿಸುವ ವ್ಯವಸ್ಥೆಯೂ ಇರುತ್ತದೆ. ವರ್ಷಕ್ಕೆರಡು ಸಲ ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋಗಲಾಗದ ಅಜ್ಜಿಗೆ ಇದು ಅಂಗಡಿಗಿಂತಲೂ ಶಿಬಿರಕ್ಕಿಂತಲೂ ಎಷ್ಟೋ ಮೇಲು.

ಇನ್ನು ಆಸ್ಪತ್ರೆ. ಬೆಂಗಳೂರಿನವರಿಗೆ ಮಿಂಟೋ ಇದೆ. ಜಿಲ್ಲೆಗಳಲ್ಲಿ ಮೆಡಿಕಲ್ ಕಾಲೇಜಿನ ಕಣ್ಣಿನ ವಿಭಾಗ, ಟ್ರಸ್ಟ್‌ಗಳ ಕಣ್ಣಾಸ್ಪತ್ರೆ, ಖಾಸಗಿ ಆಸ್ಪತ್ರೆಗಳಿವೆ. ಅರ್ಧ ದಿನ ಹೋಗುತ್ತದೆ. ಪಾಪೆ ಅಗಲವಾಗಲು ಹನಿ ಹಾಕಿದರೆ ನಾಲ್ಕಾರು ಗಂಟೆ ಹತ್ತಿರದ್ದು ಮಂಜಾಗುತ್ತದೆ, ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಗಾಡಿ ಓಡಿಸುವಂತಿಲ್ಲ. ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬೇಕು.

ನನ್ನ ಆಯ್ಕೆ ಹೀಗೆ: ನಲವತ್ತರ ಆಸುಪಾಸಿನಲ್ಲಿ ಒಮ್ಮೆ, ಚಾಳೀಸಿನ ನೆಪದಲ್ಲೇ ಆಗಲಿ, ಆಸ್ಪತ್ರೆಯಲ್ಲಿ ಪೂರ್ತಿ ಪರೀಕ್ಷೆ. ಏನೂ ಇಲ್ಲ ಎಂದಾದರೆ ಐವತ್ತೈದರವರೆಗೆ ಎರಡು ಮೂರು ವರ್ಷಕ್ಕೊಮ್ಮೆ, ಆಮೇಲೆ ಒಂದೆರಡು ವರ್ಷಕ್ಕೊಮ್ಮೆ. ನಡುವಿನ ಭೇಟಿಗಳನ್ನು ದೃಷ್ಟಿ ಕೇಂದ್ರದಲ್ಲಿ ಮುಗಿಸಬಹುದು. ಕನ್ನಡಕವನ್ನು ಎಲ್ಲಿ ಬೇಕಾದರೂ ಮಾಡಿಸಿಕೊಳ್ಳಿ.

ಕೆಲವರು ನಲವತ್ತರವರೆಗೆ ಕಾಯಬಾರದು. ತಂದೆ, ತಾಯಿ, ಅಣ್ಣ, ಅಕ್ಕ, ತಮ್ಮ, ತಂಗಿ ಇವರಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ನಿಮ್ಮ ಅಪಾಯ ಹಲವು ಪಟ್ಟು ಹೆಚ್ಚು. ದೊಡ್ಡ ಮೈನಸ್ ನಂಬರ್ ಇರುವವರು, ಕಣ್ಣಿಗೆ ಚಂಡೋ ಚಿನ್ನಿಯೋ ಬಡಿದು ಪೆಟ್ಟಾದವರು ಕೂಡ ಈ ಗುಂಪಿಗೆ ಸೇರುತ್ತಾರೆ. ಹಾಗೆಯೇ ಸ್ಟಿರಾಯ್ಡ್ ಬಳಸಿದವರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಕ್ಕಳಿಗೆ ಬೇಸಿಗೆಯಲ್ಲಿ ಕಣ್ಣು ತುರಿಕೆ, ಕೆಂಪು. ಒಮ್ಮೆ ಡಾಕ್ಟರು ಒಂದು ವಾರಕ್ಕೆಂದು ಸ್ಟಿರಾಯ್ಡ್ ಇರುವ ಡ್ರಾಪ್ಸ್ ಬರೆದುಕೊಟ್ಟಿರುತ್ತಾರೆ. ಹಾಕಿದ ಕೂಡಲೇ ತುರಿಕೆ ಮಾಯ. ಮುಂದಿನ ಸಲದಿಂದ ಖಾಲಿ ಬಾಟಲಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಅದನ್ನೇ ತರುತ್ತೇವೆ, ತಿಂಗಳುಗಟ್ಟಲೆ ಹಾಕುತ್ತೇವೆ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್, ಬೀಟಾಮೆಥಾಸೋನ್ ಎಂಬ ಹೆಸರುಗಳು ಲೇಬಲ್ಲಿನಲ್ಲಿದ್ದರೆ ಅದೇ ಸ್ಟಿರಾಯ್ಡ್. ಕೆಲವರ ಕಣ್ಣಿನಲ್ಲಿ ಇದು ಪ್ರೆಶರನ್ನು ಸದ್ದಿಲ್ಲದೆ ಏರಿಸುತ್ತದೆ. ಹತ್ತು ಹನ್ನೆರಡರ ಹುಡುಗನೊಬ್ಬ ಎಂಬತ್ತರ ಮುದುಕರಿಗೆ ಇರುವಂಥ ನರದೊಂದಿಗೆ ಆಸ್ಪತ್ರೆಗೆ ಬರುವುದು ನಮ್ಮಲ್ಲಿ ಅಪರೂಪವಲ್ಲ. ಬರೆದುಕೊಟ್ಟದ್ದಕ್ಕಿಂತ ಒಂದು ದಿನವೂ ಹೆಚ್ಚು ಹಾಕಬೇಡಿ.

ಯಾವ ಪರೀಕ್ಷೆ ಏನು ಹೇಳುತ್ತದೆ

ಕಣ್ಣಿನೊಳಗೆ ಒಂದು ತಿಳಿನೀರು ಸದಾ ಉತ್ಪತ್ತಿಯಾಗುತ್ತಾ ಹೊರಗೆ ಹರಿಯುತ್ತಾ ಇರುತ್ತದೆ. ಹೊರಹೋಗುವ ಜಾಗದಲ್ಲಿ ಬಚ್ಚಲ ಜಾಲರಿಯಂಥ ಒಂದು ಜಾಲರಿಯಿದೆ. ಅದು ಕಟ್ಟಿಕೊಂಡರೆ ಒತ್ತಡ ಏರುತ್ತದೆ, ಒತ್ತಡ ಹಿಂದಿನ ನರವನ್ನು ಒತ್ತಿ ಸವೆಸುತ್ತದೆ. ಇಷ್ಟು ಕೇಳಿದವರು ಹಾಗಾದರೆ ಪ್ರೆಶರ್ ನೋಡಿಸಿದರೆ ಮುಗಿಯಿತಲ್ಲ ಎನ್ನುತ್ತಾರೆ. ಮುಗಿಯುವುದಿಲ್ಲ. ವರದಿಯಲ್ಲಿ 10ರಿಂದ 21ರವರೆಗೆ ನಾರ್ಮಲ್ ಎಂದಿರುತ್ತದೆ. ಸಮೀಕ್ಷೆಗಳಲ್ಲಿ ಗ್ಲಾಕೋಮಾ ಸಿಕ್ಕವರಲ್ಲಿ ಒಂದು ದೊಡ್ಡ ಪಾಲಿಗೆ ಆ ದಿನದ ಪ್ರೆಶರ್ 21ರ ಒಳಗೇ ಇತ್ತು. 24 ಇದ್ದೂ ನರಕ್ಕೆ ಏನೂ ಆಗದವರಿದ್ದಾರೆ, 16 ಇದ್ದೂ ನರ ಸವೆಯುತ್ತಿರುವವರಿದ್ದಾರೆ. ಪ್ರೆಶರ್ ದಿನವಿಡೀ ಒಂದೇ ಇರುವುದಿಲ್ಲ, ಅನೇಕರಿಗೆ ಬೆಳಿಗ್ಗೆ ಹೆಚ್ಚು. ಸಂಜೆ ಐದಕ್ಕೆ ನೋಡಿಸಿಕೊಂಡು ನಿಶ್ಚಿಂತರಾದವರಿಗೆ ಬೆಳಗಿನ ಏರಿಕೆ ಗೊತ್ತಾಗುವುದೇ ಇಲ್ಲ.

ಅಳೆಯುವುದರಲ್ಲೂ ಎರಡು ಬಗೆ. ಗಾಳಿ ಊದುವ ಯಂತ್ರ ಬೇಗ ಮುಗಿಯುತ್ತದೆ, ಕಣ್ಣು ಮುಟ್ಟುವುದಿಲ್ಲ, ಶಿಬಿರಕ್ಕೆ ಅನುಕೂಲ. ಇನ್ನೊಂದರಲ್ಲಿ ಮರಗಟ್ಟಿಸುವ ಹನಿ ಹಾಕಿ, ಹಳದಿ ಬಣ್ಣ ತಾಗಿಸಿ, ನೀಲಿ ದೀಪದಲ್ಲಿ ಕಣ್ಣಿಗೆ ಸಣ್ಣ ತುದಿಯನ್ನು ಮುಟ್ಟಿಸಿ ಅಳೆಯುತ್ತಾರೆ. ಇದರ ಹೆಸರು ಗೋಲ್ಡ್‌ಮನ್. ಗ್ಲಾಕೋಮಾದ ಅನುಮಾನ ಇರುವವರಿಗೆ ಲೆಕ್ಕಕ್ಕೆ ಬರುವುದು ಈ ಎರಡನೆಯದು. ಜೊತೆಗೆ ಒಮ್ಮೆಯಾದರೂ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ದಪ್ಪ ಅಳೆಸಬೇಕು. ಸರಾಸರಿ ಸುಮಾರು 540 ಮೈಕ್ರಾನ್. ತೆಳುವಾಗಿದ್ದರೆ ಯಂತ್ರ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಕನ್ನಡಕ ಬಿಡಲು ಲೇಸರ್ ಮಾಡಿಸಿಕೊಂಡವರ ಕಾರ್ನಿಯಾ ತೆಳುವಾಗಿರುತ್ತದೆ. ಅವರು ಇದನ್ನು ಡಾಕ್ಟರಿಗೆ ಹೇಳದೇ ಬಿಟ್ಟರೆ 15 ಎಂದು ಬಂದದ್ದನ್ನು ನಂಬಿ ಮನೆಗೆ ಬರುತ್ತಾರೆ.

ಎಲ್ಲಕ್ಕಿಂತ ಮುಖ್ಯ, ಖರ್ಚೂ ಕಡಿಮೆ ಇರುವುದು, ಡಾಕ್ಟರು ಸ್ಲಿಟ್ ಲ್ಯಾಂಪಿನ ಮುಂದೆ ಒಂದು ಮಸೂರ ಹಿಡಿದು ನರದ ಮುಖವನ್ನು ನೇರವಾಗಿ ನೋಡುವುದು. ನರದ ನಡುವೆ ಒಂದು ಗುಳಿ ಇರುತ್ತದೆ. ಚೀಟಿಯಲ್ಲಿ ಸಿಡಿ ರೇಶಿಯೋ 0.3, 0.7 ಎಂದೆಲ್ಲ ಬರೆಯುವುದು ಆ ಗುಳಿಯ ಅಳತೆಯನ್ನೇ. ನರದ ಎಳೆಗಳು ಸತ್ತಂತೆ ಗುಳಿ ಅಗಲವಾಗುತ್ತದೆ. 0.7 ಎಂದ ಕೂಡಲೇ ಎದೆ ಒಡೆದುಕೊಳ್ಳಬೇಕಾಗಿಲ್ಲ, ಹುಟ್ಟಿನಿಂದಲೇ ದೊಡ್ಡ ನರ ಇರುವವರಿಗೆ ಗುಳಿಯೂ ದೊಡ್ಡದಿರುತ್ತದೆ. ಎರಡು ಕಣ್ಣಿನ ನಡುವೆ ವ್ಯತ್ಯಾಸವಿದೆಯೇ, ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದೆಯೇ ಎಂಬುದು ಅಸಲಿ ಪ್ರಶ್ನೆ. ಇದಕ್ಕಾಗಿ ನರದ ಒಂದು ಫೋಟೊ ತೆಗೆಸಿ ಪ್ರತಿ ಇಟ್ಟುಕೊಳ್ಳಿ. ಯಂತ್ರ ಬದಲಾದರೂ ಊರು ಬದಲಾದರೂ ಯಾವ ಡಾಕ್ಟರು ಬೇಕಾದರೂ ಓದಬಲ್ಲ ದಾಖಲೆ ಅದು.

ಓಸಿಟಿಯೋ ಫೀಲ್ಡ್ ಟೆಸ್ಟೋ ಎಂಬುದು ಬಿಲ್ಲು ನೋಡಿದಾಗ ಏಳುವ ಪ್ರಶ್ನೆ. ಓಸಿಟಿ ಒಂದು ಸ್ಕ್ಯಾನ್, ನರದ ಸುತ್ತಲ ಎಳೆಗಳ ದಪ್ಪವನ್ನು ಮೈಕ್ರಾನಿನಲ್ಲಿ ಅಳೆದು ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ಕೊಡುತ್ತದೆ. ನಿಮಿಷಗಳಲ್ಲಿ ಮುಗಿಯುತ್ತದೆ, ನೀವು ಸುಮ್ಮನೆ ಕೂತರೆ ಸಾಕು. ಅಕ್ಕಪಕ್ಕದ ದೃಷ್ಟಿ ಎಲ್ಲೆಲ್ಲಿ ಹೋಗಿದೆ ಎಂದು ನೋಡುವ ಫೀಲ್ಡ್ ಟೆಸ್ಟ್ ಬೇಸರದ ಕೆಲಸ. ಕತ್ತಲೆ ಕೋಣೆಯಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ಬಟ್ಟಲಿನೊಳಗೆ ಅಲ್ಲಲ್ಲಿ ಮಿಣುಕುವ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಬೇಕೆಂದೇ ಕಾಣದಷ್ಟು ಮಸುಕಾದ ಚುಕ್ಕೆಗಳನ್ನೂ ತೋರಿಸುತ್ತದೆ, ಆದ್ದರಿಂದ ಎಷ್ಟೋ ತಪ್ಪಿಹೋಯಿತಲ್ಲ ಎಂದು ಗಾಬರಿಯಾಗುವುದು ಎಲ್ಲರಿಗೂ ಇದ್ದದ್ದೇ. ಮೊದಲ ಸಲದ ಫಲಿತಾಂಶ ಅನೇಕರಿಗೆ ಕೆಟ್ಟದಾಗಿ ಬರುತ್ತದೆ, ಎರಡನೆಯ ಸಲ ಕೈ ಪಳಗುತ್ತದೆ. ನಿದ್ದೆಗೆಟ್ಟು ಹೋಗಬೇಡಿ.

ಕಾಯಿಲೆಯ ಆರಂಭದಲ್ಲಿ ಓಸಿಟಿ ಮೇಲು, ಏಕೆಂದರೆ ಎಳೆಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಹೋಗುವವರೆಗೆ ಫೀಲ್ಡ್ ಏನನ್ನೂ ತೋರಿಸದೆ ಇರಬಹುದು. ಕಾಯಿಲೆ ಬಲಿತ ಮೇಲೆ ಲೆಕ್ಕ ತಿರುಗುತ್ತದೆ: ಓಸಿಟಿ ತೋರಿಸಬಹುದಾದ ಕನಿಷ್ಠಕ್ಕೆ ಬಂದು ನಿಂತುಬಿಡುತ್ತದೆ, ಮುಂದಿನ ನಷ್ಟ ಗೊತ್ತಾಗುವುದು ಫೀಲ್ಡಿನಲ್ಲೇ. ಮೊದಲ ಸಲ ಎರಡನ್ನೂ ಮಾಡಿಸಿ. ಆಮೇಲೆ ದುಡ್ಡು ಒಂದಕ್ಕೇ ಇದೆ ಎಂದಾದರೆ ಡಾಕ್ಟರನ್ನು ಕೇಳಿ 'ನನ್ನ ಹಂತಕ್ಕೆ ಯಾವುದು?' ಎಂದು. ದೊಡ್ಡ ಮೈನಸ್ ನಂಬರಿನವರ ಓಸಿಟಿ ಕಾಯಿಲೆ ಇಲ್ಲದೆಯೂ ಕೆಂಪಾಗಿ ಬರುವುದುಂಟು, ಬಣ್ಣ ನೋಡಿ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ಒಂದು ಕಂಪನಿಯ ಯಂತ್ರದ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಲೂ ಆಗುವುದಿಲ್ಲ. ಪ್ರತಿ ಸಲ ಆಸ್ಪತ್ರೆ ಬದಲಿಸುವವರು ಪ್ರತಿ ಸಲವೂ ಮೊದಲಿನಿಂದ ಶುರು ಮಾಡುತ್ತಾರೆ.

ನಮ್ಮಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಪರೀಕ್ಷೆ ಗೋನಿಯೋಸ್ಕೋಪಿ. ಕನ್ನಡಿಯಿರುವ ಪುಟ್ಟ ಮಸೂರವನ್ನು ಕಣ್ಣಿನ ಮೇಲಿಟ್ಟು ನೀರು ಹೊರಹೋಗುವ ಕೋನ ತೆರೆದಿದೆಯೋ ಇಕ್ಕಟ್ಟಾಗಿದೆಯೋ ನೋಡುತ್ತಾರೆ. ಎರಡು ನಿಮಿಷದ ಕೆಲಸ. ಇಕ್ಕಟ್ಟು ಕೋನದ ಗ್ಲಾಕೋಮಾ ಯುರೋಪಿನವರಿಗಿಂತ ಏಷ್ಯಾದವರಲ್ಲಿ ಹೆಚ್ಚು, ಅದರ ಚಿಕಿತ್ಸೆಯ ದಾರಿಯೇ ಬೇರೆ. ಅದಕ್ಕೇ 'ನನ್ನದು ಓಪನ್ ಆ, ಕ್ಲೋಸ್ಡ್ ಆ?' ಎಂಬ ಪ್ರಶ್ನೆಗೆ ಉತ್ತರ ಸಿಗದೆ ಚಿಕಿತ್ಸೆ ಶುರುವಾಗಬಾರದು.

ಡ್ರಾಪ್ಸ್, ಲೇಸರ್, ಆಪರೇಷನ್

ಕೋನ ಇಕ್ಕಟ್ಟಾಗಿ ಪ್ರೆಶರ್ ಏರಿದ್ದರೆ ಅಥವಾ ನರಕ್ಕೆ ಪೆಟ್ಟು ಬಿದ್ದಿದ್ದರೆ ಮೊದಲು ಬರುವ ಮಾತು ಐರಿಸ್‌ನಲ್ಲಿ, ಅಂದರೆ ಪಾಪೆಯ ಸುತ್ತಲ ಬಣ್ಣದ ಭಾಗದಲ್ಲಿ, ಲೇಸರಿನಿಂದ ಸಣ್ಣ ರಂಧ್ರ ಮಾಡುವುದು. ಜೊತೆಗೆ ಪೊರೆಯೂ ಇದ್ದರೆ ಪೊರೆ ತೆಗೆಸುವುದೇ ಕೋನವನ್ನು ಅಗಲ ಮಾಡುತ್ತದೆ, ಅನೇಕರಿಗೆ ಅದೇ ಉತ್ತಮ ಆಯ್ಕೆ. ಈ ಬಗೆಯವರಿಗೆ ಒಮ್ಮೊಮ್ಮೆ ಪ್ರೆಶರ್ ಒಮ್ಮೆಲೇ ನೆತ್ತಿಗೇರುವುದುಂಟು: ಕಣ್ಣು ಕೆಂಪು, ಸಿಡಿಯುವ ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ. ಪಿತ್ತ ಎಂದೋ ಮೈಗ್ರೇನ್ ಎಂದೋ ಮಾತ್ರೆ ನುಂಗಿ ಮಲಗಿದರೆ ಬೆಳಗಾಗುವುದರೊಳಗೆ ಕಣ್ಣು ಹೋಗಬಹುದು. ಅದು ಆ ರಾತ್ರಿಯೇ ಆಸ್ಪತ್ರೆಗೆ ಓಡಬೇಕಾದ ಸಂಗತಿ.

ಕೋನ ತೆರೆದಿರುವವರಿಗೆ ನಿಜವಾದ ಆಯ್ಕೆ ಡ್ರಾಪ್ಸ್ ಮತ್ತು ಎಸ್‌ಎಲ್‌ಟಿ ಎಂಬ ಲೇಸರ್ ನಡುವೆ. ಎರಡರ ಗುರಿಯೂ ಪ್ರೆಶರ್ ಇಳಿಸುವುದು. ಸ್ವೀಡನ್ನಿನ ಒಂದು ದೀರ್ಘ ಅಧ್ಯಯನದ ಪ್ರಕಾರ ಇಳಿಸಿದ ಒಂದೊಂದು ಅಂಕಿಗೂ ಕಾಯಿಲೆ ಮುಂದುವರಿಯುವ ಅಪಾಯ ಸುಮಾರು ಶೇ 10ರಷ್ಟು ಕಡಿಮೆಯಾಗುತ್ತದೆ, ಹಾಗಾಗಿ 22 ಇದ್ದದ್ದು 18 ಆದರೆ ಅದು ಸಣ್ಣ ಲಾಭವಲ್ಲ.

ಡ್ರಾಪ್ಸ್‌ಗಳಲ್ಲಿ ಮೊದಲು ಬರೆಯುವುದು ಸಾಮಾನ್ಯವಾಗಿ ಲ್ಯಾಟನೋಪ್ರೋಸ್ಟ್, ಟ್ರಾವೋಪ್ರೋಸ್ಟ್, ಬಿಮಾಟೋಪ್ರೋಸ್ಟ್ ಗುಂಪಿನದು. ರಾತ್ರಿ ಒಂದೇ ಹನಿ, ಪರಿಣಾಮವೂ ಹೆಚ್ಚು. ಕಣ್ಣು ಸ್ವಲ್ಪ ಕೆಂಪಾಗುತ್ತದೆ, ಕಣ್ಣಿನ ಸುತ್ತ ಚರ್ಮ ಕಪ್ಪಾಗುತ್ತದೆ, ರೆಪ್ಪೆಗೂದಲು ಉದ್ದವಾಗುತ್ತದೆ. ಬಿಮಾಟೋಪ್ರೋಸ್ಟನ್ನು ರೆಪ್ಪೆ ಬೆಳೆಸುವ ಸೌಂದರ್ಯ ಸಾಮಗ್ರಿಯಾಗಿಯೂ ಮಾರುತ್ತಾರೆ ಎಂಬುದು ತಮಾಷೆಯ ಸಂಗತಿ. ಒಂದೇ ಕಣ್ಣಿಗೆ ಹಾಕುವವರಿಗೆ ಮಾತ್ರ ಇದು ತಮಾಷೆಯಲ್ಲ, ಎರಡು ಕಣ್ಣು ಎರಡು ಥರ ಕಾಣುತ್ತವೆ. ಟಿಮೊಲೋಲ್ ಅಗ್ಗ, ಹಳೆಯದು, ಒಳ್ಳೆಯದೇ. ಆದರೆ ಅಸ್ತಮಾ ಇರುವವರಿಗೆ, ನಾಡಿ ನಿಧಾನ ಇರುವವರಿಗೆ ಅದು ಅಪಾಯ. ಕಣ್ಣಿಗೆ ಹಾಕುವ ಹನಿ ಉಸಿರು ಕಟ್ಟಿಸೀತೇ ಎಂದು ಜನ ಕೇಳುತ್ತಾರೆ, ಕಟ್ಟಿಸಬಲ್ಲದು. ಡಾಕ್ಟರು ಕೇಳದಿದ್ದರೂ ನೀವೇ ಹೇಳಿಬಿಡಿ. ಬ್ರಿಮೋನಿಡಿನ್‌ನಿಂದ ಕೆಲವರಿಗೆ ತೂಕಡಿಕೆ, ಅಲರ್ಜಿ. ಡಾರ್ಜೋಲಮೈಡ್ ಉರಿಯುತ್ತದೆ, ಬಾಯಿ ಕಹಿಯಾಗುತ್ತದೆ.

ಡ್ರಾಪ್ಸ್‌ನ ದೊಡ್ಡ ತೊಂದರೆ ಅಡ್ಡಪರಿಣಾಮ ಅಲ್ಲ, ಅದು ಜೀವನಪೂರ್ತಿ ಎಂಬುದು. ಹಾಕಿದರೂ ಏನೂ ಸುಧಾರಿಸಿದಂತೆ ಅನಿಸುವುದಿಲ್ಲ, ಬಿಟ್ಟರೂ ಏನೂ ಕೆಟ್ಟಂತೆ ಅನಿಸುವುದಿಲ್ಲ. ಬಾಟಲಿ ಮುಗಿದು ವಾರ ಕಳೆದರೂ ತರುವ ಆತುರ ಇರುವುದಿಲ್ಲ. ಮಂಡಿನೋವಿನ ಮಾತ್ರೆಯಾಗಿದ್ದರೆ ಅದೇ ದಿನ ತರಿಸುತ್ತಿದ್ದರು. ಕೈ ನಡುಗುವ ಹಿರಿಯರು ಹಾಕಿದ ಹನಿ ಕೆನ್ನೆಯ ಮೇಲೆ ಬೀಳುವುದೇ ಹೆಚ್ಚು, ಹಾಗಾಗಿ ಮನೆಯಲ್ಲಿ ಯಾರು ಹಾಕುತ್ತಾರೆ ಎಂಬುದೂ ಆಯ್ಕೆಯ ಭಾಗವೇ. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಂಚನ್ನು ಒಂದೆರಡು ನಿಮಿಷ ಒತ್ತಿ ಹಿಡಿದರೆ ಔಷಧಿ ಗಂಟಲಿಗೆ ಇಳಿಯುವುದು ಕಡಿಮೆ. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಿ.

ಎಸ್‌ಎಲ್‌ಟಿ ಎಂದರೆ ಜಾಲರಿಯ ಮೇಲೆ ಹಗುರವಾದ ಲೇಸರ್ ಹೊಡೆತಗಳು. ಕೂತಲ್ಲೇ, ಕೆಲವೇ ನಿಮಿಷ, ಅದೇ ದಿನ ಮನೆಗೆ. ಬ್ರಿಟನ್ನಿನಲ್ಲಿ ಹೊಸದಾಗಿ ಕಾಯಿಲೆ ಪತ್ತೆಯಾದವರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಲೈಟ್ ಅಧ್ಯಯನದಲ್ಲಿ, ಮೊದಲು ಲೇಸರ್ ಮಾಡಿಸಿಕೊಂಡವರ ಪೈಕಿ ಸುಮಾರು ಮುಕ್ಕಾಲು ಪಾಲಿಗೆ ಮೂರು ವರ್ಷದ ಕೊನೆಗೂ ಡ್ರಾಪ್ಸ್ ಬೇಕಾಗಿರಲಿಲ್ಲ. ಆರು ವರ್ಷದ ಲೆಕ್ಕದಲ್ಲೂ ಆ ಪ್ರಮಾಣ ಶೇ 70ರ ಆಸುಪಾಸಿನಲ್ಲಿತ್ತು. ಪರಿಣಾಮ ವರ್ಷಗಳಲ್ಲಿ ಇಳಿಯುತ್ತದೆ, ಬೇಕಾದರೆ ಮತ್ತೊಮ್ಮೆ ಮಾಡಿಸಬಹುದು. ಕೆಲವರಿಗೆ ಹಿಡಿಯುವುದೇ ಇಲ್ಲ, ಆಗ ಡ್ರಾಪ್ಸ್‌ಗೆ ಮರಳಬೇಕು.

ನನ್ನನ್ನು ಕೇಳಿದರೆ, ಆರಂಭದ ಹಂತದಲ್ಲಿದ್ದು, ಕೋನ ತೆರೆದಿದ್ದು, ತಿಂಗಳು ತಿಂಗಳು ಬಾಟಲಿ ತರುವುದು ದುಡ್ಡಿಗೋ ಮರೆವಿಗೋ ಕಷ್ಟ ಎನ್ನುವವರು ಮೊದಲೇ ಲೇಸರಿನ ಬಗ್ಗೆ ಕೇಳಬೇಕು. ಒಂದು ಸಲದ ಖರ್ಚು ದೊಡ್ಡದಾಗಿ ಕಂಡರೂ ಎರಡು ಮೂರು ವರ್ಷದ ಬಾಟಲಿಗಳ ಜೊತೆ ಕೂಡಿಸಿ ನೋಡಿ. ಶಿಸ್ತಿನಿಂದ ಹನಿ ಹಾಕುವವರು, ಲೇಸರ್ ಹೆಸರಿಗೇ ಹೆದರುವವರು ಡ್ರಾಪ್ಸ್‌ನಲ್ಲಿ ಇರಲಿ, ತಪ್ಪೇನಿಲ್ಲ. ಆದರೆ ಲೇಸರ್ ಆಯಿತು, ಇನ್ನು ಗುಣವಾಯಿತು ಎಂದು ಆಸ್ಪತ್ರೆಗೆ ಹೋಗುವುದನ್ನೇ ಬಿಡುವವರಿಗೆ ಲೇಸರ್ ಡ್ರಾಪ್ಸ್‌ಗಿಂತ ಕೆಟ್ಟ ಆಯ್ಕೆ.

ಆಪರೇಷನ್ ಬರುವುದು ಇವೆರಡೂ ಸಾಲದಾದಾಗ, ಅಥವಾ ಪತ್ತೆಯಾಗುವ ಹೊತ್ತಿಗೇ ಕಾಯಿಲೆ ಬಲಿತಿದ್ದಾಗ. ಟ್ರಾಬೆಕ್ಯುಲೆಕ್ಟಮಿಯಲ್ಲಿ ನೀರು ಹೊರಹೋಗಲು ಹೊಸ ದಾರಿ ಮಾಡುತ್ತಾರೆ. ಅದೂ ಆಗದವರಿಗೆ ಸಣ್ಣ ಕೊಳವೆ ಕೂರಿಸುತ್ತಾರೆ, ಮಧುರೈನ ಅರೋಲ್ಯಾಬ್ ಇಂಥ ಕೊಳವೆಯನ್ನು ಕಡಿಮೆ ಬೆಲೆಗೆ ಇಲ್ಲೇ ತಯಾರಿಸುತ್ತದೆ. ಪೊರೆಯ ಆಪರೇಷನ್ನಿನಂತೆ ಮರುದಿನ ಚೆನ್ನಾಗಿ ಕಾಣುತ್ತದೆ ಎಂದು ಯಾರೂ ಕಾಯಬಾರದು, ಮೊದಲ ವಾರಗಳಲ್ಲಿ ಇನ್ನೂ ಮಂಜಾಗಬಹುದು. ಪದೇ ಪದೇ ತೋರಿಸಲು ಹೋಗಬೇಕು. ವರ್ಷಗಳ ನಂತರವಾದರೂ ಆ ಕಣ್ಣು ಕೆಂಪಾಗಿ ನೋವು ಬಂದರೆ ಅದೇ ದಿನ ತೋರಿಸಬೇಕು.

ಬೇರೆ ಕಣ್ಣು ಹಾಕಿಸಬಹುದಲ್ಲ ಎಂಬ ಮಾತು ಪುನೀತ್ ರಾಜ್‌ಕುಮಾರ್ ಅವರ ನೇತ್ರದಾನದ ನಂತರ ಹೆಚ್ಚು ಕೇಳಿಬರುತ್ತಿದೆ. 2021ರಲ್ಲಿ ಅವರು ದಾನ ಮಾಡಿದ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ನಿಜ. ಬದಲಾಯಿಸಲು ಆಗುವುದು ಮುಂಭಾಗದ ಕಾರ್ನಿಯಾವನ್ನು ಮಾತ್ರ. ಮಿದುಳಿಗೆ ಹೋಗುವ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳ ನರವನ್ನು ಜೋಡಿಸುವ ವಿದ್ಯೆ ಇನ್ನೂ ಯಾರಿಗೂ ಒಲಿದಿಲ್ಲ.

ಕಣ್ಣಿನ ವ್ಯಾಯಾಮ, ಜೇನಿನ ಹನಿ, ನರ ಚಿಗುರಿಸುವ ಲೇಹ್ಯ ಎಂದೆಲ್ಲ ಮೊಬೈಲಿಗೆ ಬರುವ ಆಯ್ಕೆಗಳನ್ನು ಇಲ್ಲಿ ಹೋಲಿಕೆಗೇ ತೆಗೆದುಕೊಂಡಿಲ್ಲ. ಯೋಗದ ಬಗ್ಗೆ ಮಾತ್ರ ಒಂದು ಮಾತು. ನಡಿಗೆ, ಪ್ರಾಣಾಯಾಮ, ಸಾಮಾನ್ಯ ಆಸನಗಳಿಗೆ ಅಡ್ಡಿಯಿಲ್ಲ. ಶೀರ್ಷಾಸನ ಬೇಡ: ತಲೆಕೆಳಗಾಗಿ ನಿಂತಾಗ ಕಣ್ಣಿನ ಪ್ರೆಶರ್ ಸುಮಾರು ಎರಡು ಪಟ್ಟಾಗುತ್ತದೆ ಎಂದು ಚೆನ್ನೈನ ಕಣ್ಣಿನ ವೈದ್ಯರು 2006ರಲ್ಲೇ ತೋರಿಸಿದ್ದಾರೆ. ಸರ್ವಾಂಗಾಸನವನ್ನೂ ತಲೆ ಕೆಳಗಾಗುವ ಇತರ ಆಸನಗಳನ್ನೂ ಬಿಡುವುದು ಒಳ್ಳೆಯದು. ಯೋಗದ ಮೇಷ್ಟ್ರಿಗೆ ನಿಮಗೆ ಗ್ಲಾಕೋಮಾ ಇದೆಯೆಂದು ಮೊದಲ ದಿನವೇ ಹೇಳಿ, ಬದಲಿಗೆ ಏನು ಮಾಡಬಹುದೆಂದು ಅವರೇ ಹೇಳಿಕೊಡುತ್ತಾರೆ.